ಒಲ್ಲೆನೆಂದರೂ ಬರುವ ಸುಧಾರಣೆ

ಸುಣ್ಣ ಬಳಿಯಲೆಂದು ಮನೆಯೊಳಕ್ಕೆ ಬಂದವನು ದೇವರ ಮಂದಾಸನವನ್ನು ಹಿತ್ತಿಲಿಗೆ ಸಾಗಿಸಿ, ಉಪ್ಪಿನಕಾಯಿಯ ಜಾಡಿಯನ್ನು ಅಟ್ಟಕ್ಕೇರಿಸಿ, ‘ಇನ್ನು ಮೇಲೆ ಹೀಗೆಯೇ ಅನುಕೂಲ’ ಎಂದು ಹೇಳಿ ಹೊರಟರೆ ಗೃಹಿಣಿಯು ಅವನಿಗೆ ಕೂಲಿ ಕೊಡುವಳೆ? ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಲೋಕವು ಇಂಥ ಉಪಕಾರವನ್ನು ಮೌನವಾಗಿ ಸಹಿಸುತ್ತ ಬಂದಿದೆ.

2015ರ ಜುಲೈ 29ರಂದು ಮೈಕ್ರೋಸಾಫ್ಟ್ ಸಂಸ್ಥೆಯು ‘ವಿಂಡೋಸ್ 10’ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಹಿಂದಿನ 7 ಮತ್ತು 8.1 ಉಳ್ಳವರಿಗೆ ಒಂದು ವರ್ಷದವರೆಗೆ ಅದು ಬಿಟ್ಟಿ. ದಾನವೇನೋ ದೊಡ್ಡದೇ, ದಾನಿಯ ಅವಸರ ಅದಕ್ಕಿಂತಲೂ ದೊಡ್ಡದಾಗಿತ್ತು. ಮೊದಲು ಕಂಡ ಗುಂಡಿಯನ್ನು ಒತ್ತಿ ಮುಂದುವರಿದವರಿಗೆ, ತಾವು ಆರಿಸಿಕೊಂಡಿದ್ದ ಬ್ರೌಸರಿನ ಸ್ಥಾನದಲ್ಲಿ ಆ ಸಂಸ್ಥೆಯದೇ ಆದ ‘ಎಡ್ಜ್’ ವಿರಾಜಮಾನವಾಗಿರುವುದು ಕಂಡಿತು. ಮರುದಿನವೇ, ಫೈರ್‌ಫಾಕ್ಸನ್ನು ರೂಪಿಸುವ ಮೊಜಿಲ್ಲಾ ಸಂಸ್ಥೆಯ ಮುಖ್ಯಾಧಿಕಾರಿ ಕ್ರಿಸ್ ಬಿಯರ್ಡ್ ಅವರು ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ನಾದೆಲ್ಲ ಅವರು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. ಬೇಡ ಬೇಡವೆಂದರೂ ಎಲೆಗೆ ಇನ್ನೊಂದು ಹೋಳಿಗೆ ಬಡಿಸುವ ಉಪಚಾರವನ್ನು ನಮ್ಮ ಕಡೆ ಕಂಡವರೇ ಇರಬೇಕು!

2016ರ ಮೇ ತಿಂಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಪರದೆಯ ಮೇಲೆ ಮೂಡಿದ ಆಹ್ವಾನದ ಕಿಟಕಿಯನ್ನು, ಮೂಲೆಯಲ್ಲಿರುವ ಗುಣಾಕಾರದ ಚಿಹ್ನೆಯನ್ನು ಒತ್ತಿ ಮುಚ್ಚಿದರೂ ಅದು ನಿರಾಕರಣೆಯಾಗುತ್ತಿರಲಿಲ್ಲ. ನಿಗದಿಯಾದ ವೇಳೆಗೆ ಯಂತ್ರವು ತಾನಾಗಿಯೇ ಹೊಸ ವೇಷ ತೊಡುತ್ತಿತ್ತು. ಉಳಿದೆಲ್ಲ ಕಿಟಕಿಗಳಲ್ಲಿ ‘ಸಾಕು’ ಎನ್ನುವ ಚಿಹ್ನೆಗೆ ಇದೊಂದರಲ್ಲಿ ‘ಆಗಲಿ’ ಎಂಬ ಅರ್ಥ ಬಂದುದನ್ನು ಯಾವ ನಿಘಂಟುಕಾರನೂ ಒಪ್ಪಲಾರನು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಪ್ರವಾಸದ ಏರ್ಪಾಡು ಮಾಡಿಕೊಡುವ ಉದ್ಯೋಗದಲ್ಲಿದ್ದ ಮಹಿಳೆಯೊಬ್ಬರು, ಒಪ್ಪಿಗೆಯಿಲ್ಲದೆ ಬಂದ ಈ ಮಾರ್ಪಾಡಿನಿಂದ ತಮ್ಮ ಕಂಪ್ಯೂಟರ್ ಕೆಟ್ಟಿತೆಂದು ನ್ಯಾಯಾಲಯದ ಮೆಟ್ಟಿಲೇರಿ 10,000 ಡಾಲರ್ ಪಡೆದರು. ಸಂಸ್ಥೆಯು ಮೇಲ್ಮನವಿಯನ್ನು ಕೈಬಿಟ್ಟಿತು. ತಪ್ಪನ್ನು ಮಾತ್ರ ಒಪ್ಪಲಿಲ್ಲ. 2018ರ ಅಕ್ಟೋಬರಿನ ಪರಿಷ್ಕರಣವಂತೂ ಕೆಲವರ ಕಡತಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಅದರ ವಿತರಣೆಯನ್ನು ನಿಲ್ಲಿಸಬೇಕಾಯಿತು.

ಹಾಗೆಂದು ಪರಿಷ್ಕರಣವೇ ಬೇಡವೆನ್ನಲಾದೀತೆ? 2017ರ ಮೇ ತಿಂಗಳಲ್ಲಿ ‘ವಾನ್ನಕ್ರೈ’ ಎಂಬ ಪೀಡೆ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ರದ್ದಾದವು. ಅದನ್ನು ತಡೆಯುವ ತೇಪೆ ಮಾರ್ಚ್ ತಿಂಗಳಲ್ಲಿಯೇ ಸಿದ್ಧವಾಗಿತ್ತು, ಹಾಕಿಕೊಳ್ಳದವರು ಕೆಟ್ಟರು. ಬಾಗಿಲಿನ ಬೀಗ ಸಡಿಲವಾಗಿದ್ದರೆ ಬಡಗಿಯು ಬಂದು ಸರಿಪಡಿಸಲಿ, ಯಾರೂ ಅಡ್ಡಿ ಬರುವುದಿಲ್ಲ. ಬೀಗದ ನೆಪದಲ್ಲಿ ಮನೆಯ ಸಾಮಾನನ್ನೆಲ್ಲ ಸ್ಥಳಾಂತರಿಸುವುದೇ ತಕರಾರಿನ ವಿಷಯ. ರಕ್ಷಣೆಯನ್ನೂ ಅಲಂಕಾರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದರಿಂದ, ಅಲಂಕಾರ ಒಲ್ಲದವನು ರಕ್ಷಣೆಗೂ ಎರವಾಗುತ್ತಾನೆ. 2019ರಲ್ಲಿ ಮನೆಬಳಕೆಯವರಿಗೆ ಪರಿಷ್ಕರಣವನ್ನು 35 ದಿನಗಳವರೆಗೆ ಮುಂದೂಡುವ ಸೌಲಭ್ಯ ದೊರೆಯಿತು. ಮುಂದೂಡಬಹುದು; ಬೇಡವೆನ್ನುವ ಗುಂಡಿ ಮಾತ್ರ ಅಲ್ಲಿರಲಿಲ್ಲ.

ತರುಣರಿಗೆ ಇದು ಅರ್ಧ ಗಂಟೆಯ ಕಿರಿಕಿರಿ. ಅರುವತ್ತರ ಮೇಲೆ ಕಂಪ್ಯೂಟರ್ ಕಲಿತ ನಿವೃತ್ತರ ಮಾತು ಬೇರೆ. ಅವರ ವಿದ್ಯೆಯೆಲ್ಲ ಸ್ಥಾನಬಲದಿಂದ ನಿಂತುದು: ಎಡಗಡೆಯ ಮೂರನೆಯ ಗುರುತು ಪಿಂಚಣಿಯ ಕಾಗದ, ಅದರ ಕೆಳಗಿನದು ಮಗಳ ಭಾವಚಿತ್ರಗಳು. ಹಿಂದಿನ ಇರುಳು ಇದ್ದ ಗುರುತು ಬೆಳಗಾಗುವಷ್ಟರಲ್ಲಿ ಕಾಣೆಯಾದರೆ, ಅಷ್ಟು ಕಷ್ಟದಿಂದ ಗಳಿಸಿದ ಸ್ವಾವಲಂಬನೆಯೂ ಅದರೊಡನೆ ಹೋಗುತ್ತದೆ. ಮೊಮ್ಮಗನು ಕಾಲೇಜಿನಿಂದ ಬರುವವರೆಗೆ ಕನ್ನಡಕವನ್ನು ಕೈಯಲ್ಲಿ ಹಿಡಿದು ಕಾದಿರಬೇಕು.