ಛಲೋ ಐತ್ರೀ

ಅನಂತಪುರದಲ್ಲಿ ನಾವು ಹಂಚಿದ ಅಭಿಪ್ರಾಯದ ಚೀಟಿಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಉತ್ತರ ಇತ್ತು: ನಗುವ ಮುಖ, ಅಂದರೆ ‘ಛಲೋ ಐತಿ’. ಬಿಟ್ಟುಹೋದ ಆ ಒಂದರಲ್ಲಿ ಯಾವನೋ ಹುಡುಗ ಟ್ರ್ಯಾಕ್ಟರಿನ ಚಿತ್ರ ತೆಗೆದಿದ್ದ.

ಅಥಣಿ ತಾಲೂಕಿನ ಈ ಊರಿಗೆ ನಾವು ಹೋದದ್ದು ಇಬ್ಬರು ಯುವ ಕಲಾವಿದರ ಜೊತೆಗೆ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಮೇಲೆ ಅವರೊಂದು ಇನ್‌ಸ್ಟಲೇಶನ್ ಮಾಡಿದ್ದರು. ನೆಲದ ಮೇಲೆ ಐದು ಮರದ ಹಲಗೆ. ಒಂದೊಂದರ ಮೇಲೂ ಒಂದೊಂದು ಪಾತ್ರದ ಚಿತ್ರ: ಕೃಷ್ಣ, ರುಕ್ಮಿಣಿ, ಸತ್ಯಭಾಮೆ, ಗೊಲ್ಲತಿ, ಕೊರವಂಜಿ. ಹಲಗೆಯ ಅಡಿಯಲ್ಲಿ ಸೆನ್ಸರ್. ಮೇಲೆ ಕಾಲಿಟ್ಟರೆ ಆ ಪಾತ್ರದ ಹಾಡು ಸ್ಪೀಕರಿನಲ್ಲಿ ಕೇಳಬೇಕು. ಊರೂರು ತಿರುಗಿಸುವ ಮುಂಚೆ ಆಟ ಗೊತ್ತಿದ್ದ ಜನರ ಅಭಿಪ್ರಾಯ ಬೇಕಿತ್ತು. ಶಾಲೆಯ ಪಡಸಾಲೆ ಸಿಕ್ಕಿತು, ಚಹಾ ಚುರುಮರಿ ನಮ್ಮ ಪತ್ರಿಕೆಯ ಲೆಕ್ಕಕ್ಕೆ ಬಂತು.

ಮಕ್ಕಳು ಹಲಗೆಯಿಂದ ಹಲಗೆಗೆ ಜಿಗಿದರು. ದೊಡ್ಡವರು ಸುತ್ತ ನಿಂತು ನೋಡಿದರು, ನಕ್ಕರು, ಚೀಟಿ ತುಂಬಿದರು. ಕಲಾವಿದರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಅನುಮಾನ. ಈ ಕಡೆ ‘ಛಲೋ ಐತ್ರೀ’ ಅನ್ನುವುದು ಅಭಿಪ್ರಾಯವಲ್ಲ, ಉಪಚಾರ. ಮನೆಗೆ ಬಂದವರು ತೋರಿಸಿದ ಫೋಟೋಕ್ಕೂ ಅದೇ ಮಾತು, ಅವರು ಹಾಡಿದ ಪದಕ್ಕೂ ಅದೇ ಮಾತು. ಅಷ್ಟು ದೂರದಿಂದ ಹೊತ್ತು ತಂದವರ ಮುಂದೆ ‘ಸರಿ ಇಲ್ಲ’ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ನಿಜವಾದ ಮಾತು ಬಂದದ್ದು ಚೀಟಿ ತುಂಬಿ ಮುಗಿದ ಮೇಲೆ. ಗೋಡೆಗೆ ಆತು ಕೂತಿದ್ದ ಆಯಿಯೊಬ್ಬರನ್ನು ಹುಡುಗಿಯೊಬ್ಬಳು ಕೈಹಿಡಿದು ಎಬ್ಬಿಸಿ ಹಲಗೆಯ ಹತ್ತಿರ ಕರೆತಂದಳು. ಆಯಿ ಚಪ್ಪಲಿ ಬಿಟ್ಟರು, ಸೆರಗು ಸರಿಮಾಡಿಕೊಂಡರು, ನಿಂತರು. ಕಾಲು ಮಾತ್ರ ಎತ್ತಲಿಲ್ಲ.

“ದೇವರ ಮ್ಯಾಲ ಕಾಲ ಹ್ಯಾಂಗ ಇಡಲೆವ್ವಾ?”

ಪಡಸಾಲೆಯಲ್ಲಿದ್ದ ಹಿರಿಯರೆಲ್ಲ ತಲೆಯಾಡಿಸಿದರು. ಅಂದರೆ ಅಷ್ಟು ಹೊತ್ತೂ ಎಲ್ಲರ ಮನಸ್ಸಿನಲ್ಲಿ ಇದೇ ಇತ್ತು. ಒಬ್ಬರೂ ಬರೆದಿರಲಿಲ್ಲ. ನಮ್ಮ ಚೀಟಿಯಲ್ಲಿ ಅದನ್ನು ಬರೆಯಲು ಜಾಗವೂ ಇರಲಿಲ್ಲ; ಮೂರು ಮುಖಗಳಿದ್ದವು, ನಗುವುದು, ಸುಮ್ಮನಿರುವುದು, ಅಳುವುದು. ಆಯಿಯ ಮುಖ ಈ ಮೂರರಲ್ಲಿ ಯಾವುದೂ ಅಲ್ಲ.

ಪಾರಿಜಾತ ಈ ಸೀಮೆಯ ಆಟ. ಅಪರಾಳ ತಮ್ಮಣ್ಣ ಕಟ್ಟಿದ್ದನ್ನು ಕುಲಗೋಡ ತಮ್ಮಣ್ಣ ತಿದ್ದಿ ರಂಗಕ್ಕೆ ಒಗ್ಗಿಸಿದರು. ಹೆಂಗಸರ ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ತಾವೇ ಮೇಳ ಕಟ್ಟಿ ಊರೂರು ಆಡಿದರು. ಅದನ್ನು ರಾತ್ರಿಯಿಡೀ ಕೂತು ನೋಡಿದ ಜನರ ಮುಂದೆ ನಾವು ಇಟ್ಟದ್ದು ಒತ್ತಿದರೆ ಹಾಡುವ ಹಲಗೆ. ಅದರ ಪೆಟ್ಟೂ ಬೇಗನೆ ಬಿತ್ತು. ಹಿಂದೆ ಹಿಮ್ಮೇಳದಲ್ಲಿ ತಾಳ ಹಾಕುತ್ತಿದ್ದ ಹಿರಿಯರೊಬ್ಬರು, ಆಯಿ ಬಾಗಿಲು ತೆರೆದ ಧೈರ್ಯದಲ್ಲೋ ಏನೋ, ಕಲಾವಿದನನ್ನು ಹತ್ತಿರ ಕರೆದರು. “ತಮ್ಮಾ, ಹಾಡ ಹಂಗ ತಾನ ಬರೂದಿಲ್ಲ. ದೂತಿ ಕೇಳಬೇಕ, ಭಾಗವತ ಕೆಣಕಬೇಕ, ಆಮ್ಯಾಲ ಹಾಡ. ನಿನ್ನ ಹಲಗಿಗೆ ಕೇಳಾವ್ರ ಯಾರದಾರ?”

ನಾನು ಅಲ್ಲಿಯವರೆಗೆ ಓದಿದ್ದ ಸಂವಾದಿ ಕಲೆಯ ಲೇಖನಗಳಲ್ಲಿ ಇಷ್ಟು ಚೊಕ್ಕವಾದ ವಿಮರ್ಶೆ ಸಿಕ್ಕಿರಲಿಲ್ಲ. ಒಬ್ಬ ಮನುಷ್ಯ, ಒಂದು ಯಂತ್ರ, ಒಂದು ಒತ್ತು, ಒಂದು ಸದ್ದು: ಇದನ್ನೇ ನಾವು ಸಂವಾದ ಅಂದುಕೊಂಡಿದ್ದೆವು.

ಊಟದ ನಂತರ ಚೀಟಿಗಳನ್ನು ಚೀಲಕ್ಕೆ ಹಾಕಿ, ಕಿರಾಣಿ ಅಂಗಡಿಯಿಂದ ರಟ್ಟಿನ ಡಬ್ಬಿ, ಸುತಳಿ, ಹಳೇ ಗೆಜ್ಜೆ ತರಿಸಿದೆವು. ರಟ್ಟಿನಲ್ಲಿ ಮಾದರಿ ಕಟ್ಟಿ ನೋಡುವ ಈ ಉಪಾಯ ನನ್ನದಲ್ಲ. 1970ರ ದಶಕದ ಮೊದಲಲ್ಲಿ ನಾರ್ವೆಯಲ್ಲಿ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟನ್ ನೈಗಾರ್ಡ್ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೂತು, ಕಾರ್ಖಾನೆಗೆ ಬರುವ ಕಂಪ್ಯೂಟರು ಹೇಗಿರಬೇಕೆಂದು ಕಾರ್ಮಿಕರೇ ಹೇಳುವಂತೆ ಮಾಡಿದ್ದರು. 1981ರಲ್ಲಿ ಶುರುವಾದ ‘ಯುಟೋಪಿಯಾ’ ಎಂಬ ಯೋಜನೆಯಲ್ಲಿ ಪತ್ರಿಕೆಯ ಪುಟ ಕಟ್ಟುವವರು ಇನ್ನೂ ಕೈಗೆ ಸಿಗದ ಯಂತ್ರಗಳನ್ನು ರಟ್ಟಿನಲ್ಲಿ ಮಾಡಿಟ್ಟುಕೊಂಡು ಕೆಲಸ ಮಾಡಿ ನೋಡಿದರು. ಖಾಲಿ ಡಬ್ಬಿಯ ಮೇಲೆ ‘ಲೇಸರ್ ಪ್ರಿಂಟರ್’ ಅಂತ ಬರೆದರೆ ಅದೇ ಪ್ರಿಂಟರು. ರಟ್ಟಿನ ಗುಣ ಏನೆಂದರೆ ಅದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ಪಾಲಿಶ್ ಹೊಡೆದ ಹಲಗೆಯನ್ನು ಕಂಡು ಕೈಕಟ್ಟಿ ನಿಂತವರು ರಟ್ಟನ್ನು ಹರಿದರು, ತಿರುವಿದರು, ಬೈದರು.

ಸಂಜೆಯ ಹೊತ್ತಿಗೆ ನೆಲದಲ್ಲಿದ್ದ ಪಾತ್ರಗಳು ಎದೆಯ ಎತ್ತರಕ್ಕೆ ತೂಗಿದ್ದವು. ಕಾಲಿನ ಕೆಲಸ ಕೈಗೆ ಬಂದಿತ್ತು. ಒಬ್ಬರು ದೂತಿಯ ಗೆಜ್ಜೆ ಅಲುಗಿಸದ ಹೊರತು ಇನ್ನೊಬ್ಬರ ಕೈಯಲ್ಲಿದ್ದ ಸತ್ಯಭಾಮೆ ಹಾಡುವಂತಿಲ್ಲ. ಸದ್ಯಕ್ಕೆ ಸ್ಪೀಕರಿನ ಬದಲು ಹಿರಿಯರೇ ಹಾಡುತ್ತಿದ್ದರು. ಎರಡು ಸಲ ಹುಡುಗರು ಗೆಜ್ಜೆ ಅಲುಗಿಸಿದರೂ ಅವರು ಬೇಕಂತಲೇ ಸುಮ್ಮನೆ ಕೂತರು. ಸತ್ಯಭಾಮೆಗೆ ಸಿಟ್ಟು ಬಂದಿದೆಯಂತೆ. ಇದನ್ನು ಯಾವ ಸೆನ್ಸರಿನಲ್ಲಿ ಮಾಡುವುದೆಂದು ಕಲಾವಿದರು ಈಗಲೂ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಕೊಟ್ಟು ಕೇಳುವ ಈ ರೀತಿ ಅಥಣಿಗೇನೂ ಹೊಸದಲ್ಲ. ಕೊಲ್ಹಾಪುರಿ ಚಪ್ಪಲಿ ಮಾಡುವ ಇಲ್ಲಿಯ ಚಮ್ಮಾರರು ಗ್ರಾಹಕನನ್ನು ‘ಹೆಂಗದಾವು’ ಎಂದು ಕೇಳಿ ಸುಮ್ಮನಾಗುವವರಲ್ಲ, ನಡೆಸಿ ನೋಡುತ್ತಾರೆ. ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂಬುದನ್ನು ಬಾಯಿಗಿಂತ ಮೊದಲು ಹಿಮ್ಮಡಿ ಹೇಳುತ್ತದೆ. ಅಟ್ಟೆ ಕತ್ತರಿಸುವುದು ಗಂಡಸರ ಕೆಲಸ, ಜಡೆ ಹೆಣೆಯುವುದು ಹೆಚ್ಚಾಗಿ ಹೆಂಗಸರದು. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಹುಟ್ಟಿದ ‘ಟೋಹೋಲ್ಡ್’ ಎಂಬ ಚಪ್ಪಲಿ ಸಂಸ್ಥೆ ಈ ಹೆಂಗಸರ ಸ್ವಸಹಾಯ ಗುಂಪುಗಳ ಮೇಲೆಯೇ ನಿಂತದ್ದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕೂ ಸೇರಿದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಇತ್ತ 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ಮೆರೆಸಿತು, ಮೂಲದ ಹೆಸರೆತ್ತದೆ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಕರಾರಿಗೂ ಬಂತು. ಕೇಳಬೇಕಾದವರನ್ನು ಕೊನೆಗೆ ಕೇಳಿದರೆ ಹೀಗೆಯೇ. ನಮ್ಮ ಕಲಾವಿದರು ಅಷ್ಟು ತಡ ಮಾಡಲಿಲ್ಲ, ಆದರೂ ಹಲಗೆಗೆ ಪಾಲಿಶ್ ಹೊಡೆದ ಮೇಲೆ ಬಂದರು.

ಕೇಳುವುದಕ್ಕೆಂದೇ ಜನರನ್ನಿಟ್ಟ ಕಡೆಯೂ ಇದೆ: ಬೆಂಗಳೂರಿನಲ್ಲಿ 2024ರ ಜನವರಿಯಲ್ಲಿ ಬಾಗಿಲು ತೆರೆದ ಸೈನ್ಸ್ ಗ್ಯಾಲರಿಯಲ್ಲಿ ‘ಮೀಡಿಯೇಟರ್’ ಎಂಬ ತರುಣ ತರುಣಿಯರಿರುತ್ತಾರೆ. ನೋಡಲು ಬಂದವರ ಪಕ್ಕ ನಿಂತು ಮಾತಿಗೆಳೆಯುವುದೇ ಅವರ ಕೆಲಸ. ಬಾಗಿಲಲ್ಲಿ ಟ್ಯಾಬ್ ಇಟ್ಟು ನಕ್ಷತ್ರ ಒತ್ತಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅಲ್ಲಿಯವರೆಗೆ ಹೋಗುವವರು ಮೊದಲೇ ಅರ್ಧ ಒಪ್ಪಿ ಹೋದವರು. ಒಪ್ಪದೆ ಗೋಡೆಗೆ ಆತು ಕೂತವರನ್ನು ಕಾಣಬೇಕಾದರೆ ಅವರ ಪಡಸಾಲೆಗೇ ಹೋಗಬೇಕು.

ನಮ್ಮ ತಪ್ಪನ್ನೂ ಬರೆದುಬಿಡುತ್ತೇನೆ. ವಿನ್ಯಾಸ ಮಾಡಿದವರಿಗೆ ಸಂಭಾವನೆ ಇತ್ತು, ಅದನ್ನು ಬುಡಮೇಲು ಮಾಡಿ ಸರಿಪಡಿಸಿದವರಿಗೆ ಚುರುಮರಿ. ಆ ದಿನ ಹೊಲದ ಕೆಲಸ ಬಿಟ್ಟು ಬಂದವರೂ ಇದ್ದರು. ಈ ಲೆಕ್ಕವನ್ನು ನಮಗೆ ತೋರಿಸಿಕೊಟ್ಟದ್ದು ಹೆಡ್‌ಮಾಸ್ತರು, ಅದೂ ನಗುತ್ತ. ಮುಂದಿನ ಸಲ ಹಿರಿಯರ ಹಾಡಿಗೂ ಹೆಂಗಸರ ಸಲಹೆಗೂ ದಿನದ ಪಗಾರದ ಲೆಕ್ಕ ಹಾಕಿಯೇ ಹೊರಡುವುದೆಂದು ಪತ್ರಿಕೆಯ ಬಳಗ ತೀರ್ಮಾನಿಸಿದೆ.

ಈ ಸಂಚಿಕೆಯಲ್ಲಿ ಆ ಕಲಾವಿದರ ಟಿಪ್ಪಣಿಗಳಿವೆ, ರಟ್ಟಿನ ಮಾದರಿಯ ಫೋಟೋಗಳಿವೆ, ಟ್ರ್ಯಾಕ್ಟರಿನ ಚಿತ್ರವೂ ಇದೆ. ಹುಡುಗನ ಹೆಸರು ಸಿಗಲಿಲ್ಲ; ಟ್ರ್ಯಾಕ್ಟರಿನ ಹಿಂದೆ ಐದು ಹಲಗೆ ಹೇರಿದ್ದನ್ನು ನಾವು ಗಮನಿಸಿದ್ದೇ ಅಚ್ಚಿಗೆ ಕಳಿಸುವಾಗ.

ಹಳೆಯ ಹಲಗೆಗಳನ್ನು ವಾಪಸು ತರಲು ಗಾಡಿಯಲ್ಲಿ ಜಾಗವಿರಲಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ ಬಂದಿದ್ದೆವು. ಮೊನ್ನೆ ಕಲಾವಿದೆ ಮತ್ತೆ ಹೋದಾಗ ನಾಲ್ಕು ಅಲ್ಲೇ ಇದ್ದವಂತೆ. ಕೃಷ್ಣನ ಹಲಗೆಯನ್ನು ಯಾರೋ ಮೊಳೆ ಹೊಡೆದು ಮೇಲೆ ತೂಗುಹಾಕಿ, ಹಣೆಗೆ ಕುಂಕುಮ ಹಚ್ಚಿದ್ದರು.