ಕೆಡವುವ ಮುನ್ನ ಪರೀಕ್ಷೆ ಆಗಲಿ
2022ರಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದ ಬಳಿಕ, ಶತಮಾನ ಕಂಡ ವಿದ್ಯಾಲಯಗಳ ಬಗ್ಗೆ ಆತಂಕ ಹೆಚ್ಚಿರುವುದು ಸಹಜ. ಮಳೆಗಾಲ ಬಂದಾಗಲೆಲ್ಲ ಸಣ್ಣ ಊರುಗಳ ಹೆಂಚಿನ ಶಾಲೆಗಳಿಗೆ ‘ಶಿಥಿಲ’ ಎಂಬ ಹಣೆಪಟ್ಟಿ ಅಂಟುತ್ತದೆ. ನೆಲಸಮಕ್ಕೆ ಅಷ್ಟೇ ಸಾಕಾಗುತ್ತದೆ.

ಆದರೆ ಈ ಕಟ್ಟಡಗಳನ್ನು ಹಾಳುಮಾಡುತ್ತಿರುವುದು ಹೆಚ್ಚಾಗಿ ನಮ್ಮ ಅಸಡ್ಡೆ. ಒಡೆದ ಒಂದು ಮಂಗಳೂರು ಹೆಂಚನ್ನು ಬದಲಿಸದಿದ್ದರೆ ನೀರು ಗೋಡೆಗಿಳಿದು, ಅಲ್ಲಿ ಕೂತ ತೊಲೆಯ ತುದಿ ಕೊಳೆಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆ ಪುಡಿಯಾಗುತ್ತದೆ. ದುರಸ್ತಿಯ ಹೆಸರಿನಲ್ಲೇ ನಡೆಯುವ ಹಾನಿ ಇದು. ಕಟ್ಟಡದೊಂದಿಗೆ ಅಳಿಯುವುದು ಗೋಡೆಯಷ್ಟೇ ಅಲ್ಲ, ಊರಿನ ಚರಿತ್ರೆಯೂ. ಮಡಿಕೇರಿಯ ಸೆಂಟ್ರಲ್ ಶಾಲೆಗೆ, 1870ರಲ್ಲಿ ಕೊಡಗಿನ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಸಂಕಲಿಸಿದ ಜಿ. ರಿಕ್ಟರ್ ಪ್ರಾಂಶುಪಾಲರಾಗಿದ್ದರು, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಓದಿದ್ದೂ ಅಲ್ಲೇ. ಇಂಥ ಚರಿತ್ರೆಗೆ ಊರುಗಳಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ ಎಂದರೆ ಶಾಲೆಯ ಕಟ್ಟಡಗಳೇ.

ಅಪಾಯವಿರುವ ಕೊಠಡಿಯಿಂದ ಮಕ್ಕಳನ್ನು ತಕ್ಷಣ ಸ್ಥಳಾಂತರಿಸಬೇಕು. ಅದರಲ್ಲಿ ರಾಜಿ ಇಲ್ಲ. ಆದರೆ ಸುಣ್ಣದ ಗಾರೆ, ಮರದ ಕೆಲಸ ಬಲ್ಲ ಪರಿಣತರ ಲಿಖಿತ ವರದಿಯಿಲ್ಲದೆ ಯಾವ ಹಳೆಯ ಶಾಲೆಯನ್ನೂ ಕೆಡವಬಾರದು. ಹೊಸ ಕೊಠಡಿಗಳಿಗೆ ಅನುದಾನ ನೀಡುವ ಸರ್ಕಾರ, ಹಳೆಯ ಚಾವಣಿಗಳ ವಾರ್ಷಿಕ ದುರಸ್ತಿಗೂ ಪ್ರತ್ಯೇಕ ಹಣ ಮೀಸಲಿಡಲಿ. ಆ ಹಣ ಮುಂಗಾರಿಗೆ ಮೊದಲೇ ಶಾಲೆಯ ಕೈ ಸೇರಲಿ.