28 ವರ್ಷ ತಡವಾಗಿ ಕೇಳಿಸಿದ ಬೀಟ್

ರೀಲ್ ಹಾಕಿ ಅರ್ಧ ಗಂಟೆಯಲ್ಲಿ ಲೈಕ್ ಬರಲಿಲ್ಲ ಅಂದ್ರೆ ಡಿಲೀಟ್ ಮಾಡೋ ಕಾಲ ಇದು. ಚರಣಜಿತ್ ಸಿಂಗ್ ಅನ್ನೋರ ಆಲ್ಬಂ ಒಂದು ಬರೋಬ್ಬರಿ 28 ವರ್ಷ ಕಾದಿತ್ತು. ಆ ಕಥೆ ಕೇಳಿ.

ಸಿಂಗ್ ಮುಂಬೈನವರು. ಹಿಂದಿ ಸಿನಿಮಾ ಹಾಡುಗಳ ರೆಕಾರ್ಡಿಂಗ್‌ಗಳಲ್ಲಿ ಗಿಟಾರ್, ಸಿಂಥಸೈಜರ್ ನುಡಿಸ್ತಿದ್ದರು. 1980ರ ದಶಕದ ಶುರುವಿನಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಅವರ ಕೈಗೆ ಬಂದ್ವು: ಜುಪಿಟರ್-8 ಸಿಂಥಸೈಜರ್, ಟಿಆರ್-808 ಡ್ರಮ್ ಮಷೀನ್, ಟಿಬಿ-303 ಬೇಸ್ ಮಷೀನ್. ಈ 303 ಇದೆಯಲ್ಲ, ಒಬ್ಬರೇ ಕೂತು ಪ್ರ್ಯಾಕ್ಟೀಸ್ ಮಾಡೋ ಗಿಟಾರಿಸ್ಟ್‌ಗಳಿಗೆ ಸಾಥ್ ಕೊಡಲಿ ಅಂತ ಮಾಡಿದ್ದು. ಮಾರಾಟ ಆಗಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ 'ಸ್ಲೈಡ್' ಇತ್ತು. ಹಿಂದೂಸ್ತಾನಿ ಸಂಗೀತದ ಮೀಂಡ್ ಕೇಳಿ ಬೆಳೆದ ಕಿವಿಗೆ ಅದು ತೀರಾ ಹೊಸದಲ್ಲ.

1982ರಲ್ಲಿ ಎಚ್‌ಎಂವಿಯಿಂದ ಅವರ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಬಂತು. ಭೈರವಿ, ಲಲಿತ್, ಯಮನ್, ಮಾಲಕಂಸ್ ಹೀಗೆ ಹತ್ತು ರಾಗ, ಕೆಳಗೆ ಯಂತ್ರದ ತಾಳ. ಯಾರೂ ಹೆಚ್ಚು ಕೇಳಲಿಲ್ಲ. 1987ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಫ್ಯೂಚರ್ ಅನ್ನೋ ತಂಡ ಇದೇ 303 ಹಿಡಿದು 'ಆ್ಯಸಿಡ್ ಟ್ರ್ಯಾಕ್ಸ್' ಮಾಡಿತು. ಆ್ಯಸಿಡ್ ಹೌಸ್ ಅನ್ನೋ ಪ್ರಕಾರವೇ ಹುಟ್ಟಿತು. ಮುಂದೆ ನೆದರ್‌ಲ್ಯಾಂಡ್ಸ್‌ನ ಒಬ್ಬ ಸಂಗ್ರಾಹಕನಿಗೆ ಸಿಂಗ್ ಅವರ ಹಳೇ ಎಲ್‌ಪಿ ದಿಲ್ಲಿಯಲ್ಲಿ ಸಿಕ್ಕಿತು. 2010ರಲ್ಲಿ ಅದನ್ನ ಮತ್ತೆ ಬಿಡುಗಡೆ ಮಾಡಿದಾಗ ಜಗತ್ತು ಹುಬ್ಬೇರಿಸಿತು: ಶಿಕಾಗೋಗಿಂತ ಐದು ವರ್ಷ ಮೊದಲೇ ಮುಂಬೈನಲ್ಲಿ ಇದನ್ನ ಮಾಡಿದ್ದು ಯಾರಪ್ಪಾ? ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅವೇ ರಾಗ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಇದೆಲ್ಲ ಈಗ ಯಾಕೆ ಅಂದ್ರೆ, ನಮ್ಮ ಕಾಕಾನ ಮಗ ಎರಡು ವರ್ಷದ ಮೇಲೆ ಮತ್ತೆ ಲ್ಯಾಪ್‌ಟಾಪ್ ತೆಗೆದಿದ್ದಾನೆ. ಕುಳಗೇರಿ ಕ್ರಾಸ್‌ನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಹಿಂದೆ ಊರಿನ ಒಬ್ಬ ಅಜ್ಜನ ಹಲಗೆ ರೆಕಾರ್ಡ್ ಮಾಡ್ಕೊಂಡು, ಸಿಂಥ್ ಸೇರಿಸಿ ನಾಲ್ಕು ಟ್ರ್ಯಾಕ್ ಹಾಕಿದ್ದ. ಮುನ್ನೂರು ವ್ಯೂಸ್ ದಾಟಲಿಲ್ಲ. ಜಾತ್ರೆಗೆ ಡಿಜೆ ಹಚ್ಚೋರು 'ಇದರಾಗ ಹಾಡs ಇಲ್ಲಲೋ' ಅಂತ ಪೆನ್‌ಡ್ರೈವ್ ವಾಪಸ್ ಕೊಟ್ರು. ಈಗ ಎಂಟು ಟ್ರ್ಯಾಕಿನ ಆಲ್ಬಂ ಮಾಡ್ತಾನಂತೆ. 'ಅಂವಗ ನೀನರ ಬುದ್ಧಿ ಹೇಳಪಾ, ಅಂಗಡಿ ಸಾಲ ಇನ್ನೂ ಐತಿ' ಅಂತ ಕಾಕಾನ ಫೋನು. 'ಅಣ್ಣಾ, ಯಾರು ಕೇಳ್ತಾರಂತ ಮಾಡ್ಲಿ?' ಅಂತ ಅವನ ವಾಯ್ಸ್ ನೋಟು.

ಇಬ್ಬರ ಮಾತೂ ಖರೇನೇ. ಎಲ್ಲರ ಆಲ್ಬಂಗೂ ದಿಲ್ಲಿಯಲ್ಲಿ ಸಂಗ್ರಾಹಕ ಸಿಗೋದಿಲ್ಲ. ಮೆಚ್ಚುಗೆ ನಂಬಿ ಸಾಲ ತೀರಿಸೋಕೂ ಆಗೋದಿಲ್ಲ. ಸಿಂಗ್ ಕೂಡ ಹೊಟ್ಟೆಪಾಡಿಗೆ ಬೇರೆಯವರ ಹಾಡಿಗೆ ನುಡಿಸಿದವರೇ. ಹಾಗಾಗಿ ಅಂಗಡಿ ಬಿಡಬೇಡ ಅಂದೆ.

ಯಂತ್ರ ಬಂದ್ರೆ ಸಂಗೀತ ಕೆಡುತ್ತೆ ಅನ್ನೋರೂ ಇದ್ದಾರೆ. ಬೆಂಗಳೂರಿನ ಕೊಳಲು ವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಇವತ್ತು ಎಷ್ಟೋ ಕಛೇರಿಗಳಲ್ಲಿ ಶ್ರುತಿ ಹಿಡಿದು ಕೂತಿದೆ. ಭೀಮಸೇನ ಜೋಶಿಯವರು ಹುಟ್ಟಿದ ರೋಣ ನಮ್ಮ ಪಕ್ಕದ ಜಿಲ್ಲೆಯದು. ಈ ಸೀಮೆಯ ಕಿವಿ ರಾಗಕ್ಕೂ ಸೈ, ಹಲಗೆಗೂ ಸೈ. ಲ್ಯಾಪ್‌ಟಾಪ್‌ಗೆ ಮಾತ್ರ ಯಾಕೆ ಬಾಗಿಲು ಹಾಕಬೇಕು?

ನನಗೆ ದೊಡ್ಡದು ಅನ್ನಿಸಿದ್ದು ಬೇರೆ. ಸಿಂಗ್ ಮರಳಿ ಬಂದದ್ದು ಅವರ ಕೆಲಸ ಪೂರ್ತಿಯಾಗಿ ಒಂದು ಎಲ್‌ಪಿಯಲ್ಲಿ ಉಳಿದಿತ್ತು ಅಂತ. ಅರ್ಧಕ್ಕೆ ಬಿಟ್ಟಿದ್ದರೆ ಹುಡುಕೋಕೆ ಏನಿರ್ತಿತ್ತು? ನಮ್ಮ ಹಲಗೆ ಅಜ್ಜನಿಗೆ ಈಗ ಕೈ ನಡುಗುತ್ತೆ, ಮೊದಲಿನ ಪೆಟ್ಟು ಬೀಳೋದಿಲ್ಲ. ಆ ಪೆಟ್ಟು ಇರೋದು ತಮ್ಮನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಅದಕ್ಕೇ ಅವನಿಗೆ ಮೂರು ಮಾತು ಬರೆದೆ. ಮೂಲ ರೆಕಾರ್ಡಿಂಗ್ ಎರಡು ಕಡೆ ಕಾಪಿ ಇಡು. ಆಲ್ಬಂ ಮೇಲೆ ಅಜ್ಜನ ಹೆಸರು ನಿನ್ನ ಹೆಸರಿಗಿಂತ ಮೊದಲು ಹಾಕು. ವಾರಕ್ಕೆ ಎರಡೇ ರಾತ್ರಿ ಕೂತರೂ ಸರಿ, ಎಂಟೂ ಟ್ರ್ಯಾಕ್ ಮುಗಿಸು. ಕೇಳೋರು ನಾಳೆ ಬರಲಿ, ಇಪ್ಪತ್ತು ವರ್ಷ ಬಿಟ್ಟು ಬರಲಿ, ಬಂದಾಗ ಕೇಳೋಕೆ ಏನಾದ್ರೂ ಇರಬೇಕಲ್ಲ.